ಹೆಸರಿನ ಕೊನೆಯ ‘ಎಸ್’ ಮತ್ತು ಒಂದು ಪುಟ್ಟ ಕೊಕ್ಕೆ

2006ರ ಜೂನ್ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕ್ಯಾನ್ಸಸ್ ರಾಜ್ಯದ ಮರಣದಂಡನೆ ಕಾನೂನನ್ನು ಐದಕ್ಕೆ ನಾಲ್ಕರ ಬಹುಮತದಿಂದ ಎತ್ತಿಹಿಡಿಯಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಭಿನ್ನಮತದ ತೀರ್ಪು ನ್ಯಾಯಮೂರ್ತಿ ಡೇವಿಡ್ ಸೂಟರ್ ಅವರದು. ಒಬ್ಬ ಮನುಷ್ಯನ ಜೀವಕ್ಕೆ ಸಂಬಂಧಿಸಿದ ಈ ಮೊಕದ್ದಮೆಯಲ್ಲಿ ಅವರಿಬ್ಬರೂ ಕಾನೂನಿನ ವಿಷಯದಲ್ಲಷ್ಟೇ ಅಲ್ಲ, ಬರವಣಿಗೆಯ ವಿಷಯದಲ್ಲೂ ಬೇರೆಯಾಗಿದ್ದರು. ‘ಕ್ಯಾನ್ಸಸ್‌ನ ಕಾನೂನು’ ಎನ್ನಬೇಕಾದಾಗ ಥಾಮಸ್ ರಾಜ್ಯದ ಹೆಸರಿನ ಕೊನೆಗೆ ಅಪಾಸ್ಟ್ರಫಿ ಎಂಬ ಪುಟ್ಟ ಕೊಕ್ಕೆಯನ್ನಷ್ಟೇ ಹಾಕಿದರು. ಸೂಟರ್ ಆ ಕೊಕ್ಕೆಯ ಮುಂದೆ ಇನ್ನೊಂದು ‘ಎಸ್’ ಅಕ್ಷರವನ್ನೂ ಬರೆದರು. ಒಂದೇ ನ್ಯಾಯಾಲಯ, ಒಂದೇ ಮೊಕದ್ದಮೆ, ಒಂದೇ ಶಬ್ದ. ಬರೆಯುವ ಬಗೆ ಮಾತ್ರ ಎರಡು. ಥಾಮಸ್ ಅವರ ಹೆಸರೂ ‘ಎಸ್’ನಿಂದಲೇ ಮುಗಿಯುತ್ತದೆ ಎಂಬುದು ಇನ್ನೊಂದು ಸ್ವಾರಸ್ಯ.

ಶಾಲೆಯಲ್ಲಿ ಇಂಗ್ಲಿಷ್ ಕಲಿತವರು ಈ ತೊಡಕನ್ನು ಒಮ್ಮೆಯಾದರೂ ಕಂಡಿರುತ್ತಾರೆ. ರಾಮನ ಪುಸ್ತಕ, ಸೀತೆಯ ಪುಸ್ತಕ ಎನ್ನಲು ಹೆಸರಿಗೆ ಅಪಾಸ್ಟ್ರಫಿಯನ್ನೂ ‘ಎಸ್’ ಅನ್ನೂ ಸೇರಿಸಿದರೆ ಕೆಲಸ ಮುಗಿಯಿತು. ಆದರೆ ಜೇಮ್ಸ್, ಥಾಮಸ್, ಡಿಕನ್ಸ್, ಕೀಟ್ಸ್ ಎಂಬ ಹೆಸರುಗಳು ಬಂದಾಗ ಲೇಖನಿ ತಡೆಯುತ್ತದೆ. ಈಗಾಗಲೇ ಒಂದು ‘ಎಸ್’ ಇರುವಾಗ ಇನ್ನೊಂದು ಬೇಕೆ? ಬೇಕೆಂದು ಒಬ್ಬ ಮೇಷ್ಟರು, ಬೇಡವೆಂದು ಇನ್ನೊಬ್ಬರು. ಈ ಜಗಳದ ಮೂಲ ಹುಡುಕಬೇಕಾದರೆ ವ್ಯಾಕರಣಕ್ಕಿಂತ ಚರಿತ್ರೆಯ ಕಡೆಗೇ ನೋಡಬೇಕು.

ಲೋಪವಾದ ಸ್ವರ

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಸಂಸ್ಕೃತ, ಕನ್ನಡಗಳಲ್ಲಿರುವಂತೆ ವಿಭಕ್ತಿ ಪ್ರತ್ಯಯಗಳಿದ್ದವು. ಪುಲ್ಲಿಂಗ ಮತ್ತು ನಪುಂಸಕಲಿಂಗದ ಬಹುಪಾಲು ನಾಮಪದಗಳು ಷಷ್ಠೀ ವಿಭಕ್ತಿಯಲ್ಲಿ ‘ಇ’, ‘ಎಸ್’ ಎಂಬ ಎರಡು ಅಕ್ಷರಗಳ ಪ್ರತ್ಯಯವನ್ನು ಪಡೆಯುತ್ತಿದ್ದವು. ಕಾಲ ಕಳೆದಂತೆ ಉಳಿದ ಪ್ರತ್ಯಯಗಳು ಸವೆದುಹೋದವು. ಇದೊಂದು ಮಾತ್ರ ಉಳಿದು ಎಲ್ಲ ನಾಮಪದಗಳಿಗೂ ಹರಡಿತು. ‘ರಾಜನ’ ಎಂಬರ್ಥದ ಶಬ್ದವನ್ನು ಆಗಿನವರು ‘ಕಿಂಗೆಸ್’ ಎಂದು ಎರಡು ಉಚ್ಚಾರಾಂಶಗಳಾಗಿ ನುಡಿಯುತ್ತಿದ್ದರು. ಮುಂದೆ ನಡುವಿನ ಸ್ವರ ಬಿದ್ದುಹೋಗಿ ಅದು ‘ಕಿಂಗ್ಸ್’ ಆಯಿತು.

ಅಪಾಸ್ಟ್ರಫಿ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ, ಫ್ರೆಂಚ್ ಮುದ್ರಕರ ಮಾದರಿಯಿಂದ. ಆ ಹೆಸರಿನ ಗ್ರೀಕ್ ಮೂಲಕ್ಕೆ ‘ಅತ್ತ ತಿರುಗುವುದು’ ಎಂಬ ಅರ್ಥವಿದೆ. ಇಲ್ಲೊಂದು ಅಕ್ಷರ ಬಿಟ್ಟುಹೋಗಿದೆ ಎಂದು ತೋರಿಸುವುದಷ್ಟೇ ಮೊದಲು ಅದರ ಕೆಲಸವಾಗಿತ್ತು. ನಮ್ಮ ಓದುಗರಿಗೆ ಇದು ಹೊಸತೇನಲ್ಲ. ‘ಸೋಽಹಂ’ ಎಂದು ಬರೆಯುವಾಗ ಲೋಪವಾದ ಅಕಾರದ ಜಾಗದಲ್ಲಿ ನಿಲ್ಲುವ ಅವಗ್ರಹದ್ದೂ ಇದೇ ಕೆಲಸ. 17ನೇ ಶತಮಾನದ ಕೊನೆಯ ಹೊತ್ತಿಗೆ ಏಕವಚನದ ಷಷ್ಠಿಗೆ ಈ ಚಿಹ್ನೆ ಹಾಕುವುದು ರೂಢಿಯಾಯಿತು. ಬಹುವಚನದ ‘ಎಸ್’ ಆದ ಮೇಲೆ ಬರಿಯ ಚಿಹ್ನೆ ಇಡುವ ಪದ್ಧತಿ ನೆಲೆಗೊಳ್ಳಲು 18ನೇ ಶತಮಾನವೇ ಬೇಕಾಯಿತು.

ತಮಾಷೆ ಇರುವುದು ಇಲ್ಲಿಯೇ. ಆ ಹಳೆಯ ಸ್ವರ ಎಲ್ಲ ಕಡೆಯೂ ಬಿದ್ದುಹೋಗಲಿಲ್ಲ. ‘ಸ’, ‘ಶ’, ‘ಚ’ಗಳಂಥ ಧ್ವನಿಗಳ ನಂತರ ಸ್ವರದ ಆಸರೆಯಿಲ್ಲದೆ ಇನ್ನೊಂದು ಸಕಾರವನ್ನು ನುಡಿಯುವುದು ಕಷ್ಟ. ಆದ್ದರಿಂದ ‘ಜೇಮ್ಸಿಸ್’ ಎನ್ನುವಾಗ ಇಂದಿಗೂ ಅದು ಕೇಳಿಸುತ್ತದೆ. ಎಂದರೆ, ಇಲ್ಲದ ಸ್ವರದ ಗುರುತಾಗಿ ಬಂದ ಚಿಹ್ನೆ ‘ಎಸ್’ ಅಂತ್ಯದ ಹೆಸರುಗಳಲ್ಲಿ ಇರುವ ಸ್ವರದ ಮೇಲೆಯೇ ಕುಳಿತಿದೆ!

‘ಸೆಜಾನಸ್ ಅವನ ಪತನ’

ಚಿಹ್ನೆಯ ಮೂಲ ಮರೆತಾಗ ಜನ ತಮಗೆ ತೋಚಿದ ಕಾರಣ ಹೇಳತೊಡಗಿದರು. 16, 17ನೇ ಶತಮಾನಗಳಲ್ಲಿ ಷಷ್ಠಿಯ ಬದಲು ‘ಅವನ’ ಎಂಬರ್ಥದ ‘ಹಿಸ್’ ಶಬ್ದವನ್ನು ಬಳಸುವುದು ಸಾಮಾನ್ಯವಾಗಿತ್ತು. ‘ಎಸ್’ನಿಂದ ಮುಗಿಯುವ ಹೆಸರುಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. 1605ರಲ್ಲಿ ಅಚ್ಚಾದ ಬೆನ್ ಜಾನ್ಸನ್‌ನ ದುರಂತ ನಾಟಕದ ಶೀರ್ಷಿಕೆಯನ್ನು ಅಕ್ಷರಶಃ ಕನ್ನಡಿಸಿದರೆ ‘ಸೆಜಾನಸ್ ಅವನ ಪತನ’ ಎಂದಾಗುತ್ತದೆ. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲೂ ಯೇಸುಕ್ರಿಸ್ತನ ಹೆಸರಿನ ಜೊತೆ ಇದೇ ಬಗೆಯ ಪ್ರಯೋಗವಿದೆ. ಹೀಗಾಗಿ ಷಷ್ಠಿಯ ‘ಎಸ್’ ಎಂದರೆ ‘ಹಿಸ್’ ಶಬ್ದದ ಸಂಕ್ಷೇಪವೆಂದೂ, ಅಪಾಸ್ಟ್ರಫಿ ಅದರ ಮೊದಲೆರಡು ಅಕ್ಷರಗಳ ಲೋಪವನ್ನು ತೋರಿಸುತ್ತದೆಂದೂ ಹಲವರು ನಂಬಿದರು. ಜೋಸೆಫ್ ಅಡಿಸನ್‌ನಂಥ ಲೇಖಕ 1711ರಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಇಂಥದೇ ಮಾತು ಬರೆದ.

ಈ ನಂಬಿಕೆಯನ್ನು ತಳ್ಳಿಹಾಕಿದವನು ಸ್ಯಾಮ್ಯುಯೆಲ್ ಜಾನ್ಸನ್. 1755ರ ತನ್ನ ನಿಘಂಟಿಗೆ ಬರೆದ ವ್ಯಾಕರಣ ಭಾಗದಲ್ಲಿ ಅವನು ಎತ್ತಿದ ಆಕ್ಷೇಪ ಸರಳವಾದದ್ದು: ಹೆಂಗಸಿನ ಸೌಂದರ್ಯ ಎನ್ನುವಾಗಲೂ ಇದೇ ‘ಎಸ್’ ಬರುತ್ತದೆ; ಅಲ್ಲಿ ‘ಅವನ’ ಎಂಬ ಅರ್ಥ ಹೇಗೆ ಹೊಂದೀತು? ಅದು ಹಳೆಯ ವಿಭಕ್ತಿಯ ಉಳಿಕೆಯೆಂದು ಅವನು ಸರಿಯಾಗಿಯೇ ಗುರುತಿಸಿದ.

ನಿಯಮಗಳ ಸಂತೆ

20ನೇ ಶತಮಾನದಲ್ಲಿ ನಿಯಮ ಬರೆಯುವವರ ಸರದಿ. 1918ರಲ್ಲಿ ಅಮೆರಿಕದ ಪ್ರಾಧ್ಯಾಪಕ ವಿಲಿಯಂ ಸ್ಟ್ರಂಕ್ ತಮ್ಮ ಕೈಪಿಡಿಯ ಮೊದಲ ನಿಯಮವನ್ನಾಗಿಯೇ ಇದನ್ನು ಇಟ್ಟರು: ಹೆಸರು ಯಾವ ಅಕ್ಷರದಿಂದ ಮುಗಿದರೂ ಅಪಾಸ್ಟ್ರಫಿ ಮತ್ತು ‘ಎಸ್’ ಎರಡೂ ಬೇಕು; ಯೇಸು, ಮೋಸೆಸ್ ಮುಂತಾದ ಪ್ರಾಚೀನ ಹೆಸರುಗಳಿಗೆ ಮಾತ್ರ ವಿನಾಯಿತಿ. 1926ರಲ್ಲಿ ಇಂಗ್ಲೆಂಡಿನ ಎಚ್.ಡಬ್ಲ್ಯು. ಫೌಲರ್, ಬರಿಯ ಚಿಹ್ನೆ ಇಡುವುದು ಹಿಂದಿನ ವಾಡಿಕೆ, ಈಗ ಕಾವ್ಯದಲ್ಲೂ ಭಕ್ತಿಯ ಸಂದರ್ಭಗಳಲ್ಲೂ ಅದು ಉಳಿದಿದೆ ಎಂದರು. ಪುಸ್ತಕ ಪ್ರಕಾಶಕರು ಮನ್ನಿಸುವ ಶಿಕಾಗೋ ಕೈಪಿಡಿ ಎರಡನೆಯ ‘ಎಸ್’ ಪರ. ಅಮೆರಿಕದ ಪತ್ರಿಕೆಗಳು ಅನುಸರಿಸುವ ಅಸೋಸಿಯೇಟೆಡ್ ಪ್ರೆಸ್ ಕೈಪಿಡಿ ಬರಿಯ ಚಿಹ್ನೆಯ ಪರ. 2024ರಲ್ಲಿ ಕಮಲಾ ಹ್ಯಾರಿಸ್ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ಅವರ ಹೆಸರು ಒಂದೊಂದು ಪತ್ರಿಕೆಯಲ್ಲಿ ಒಂದೊಂದು ರೀತಿ ಅಚ್ಚಾದದ್ದು ಇದರಿಂದಲೇ.

ಇಂಗ್ಲೆಂಡಿನಲ್ಲಿಯೂ ಏಕರೂಪತೆ ಇಲ್ಲ. ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಗೂ ಅದರ ಪಕ್ಕದ ಉದ್ಯಾನಕ್ಕೂ ಚಿಹ್ನೆಯೂ ಇದೆ, ಎರಡನೆಯ ‘ಎಸ್’ ಕೂಡ ಇದೆ. ನ್ಯೂಕ್ಯಾಸಲ್‌ನ ಫುಟ್‌ಬಾಲ್ ಮೈದಾನದ ಹೆಸರಿನಲ್ಲಿ ಅದೇ ಸಂತನಿಗೆ ಬರಿಯ ಚಿಹ್ನೆ. ಎಕ್ಸೆಟರ್‌ನ ಮೈದಾನದಲ್ಲಿ ಅದೂ ಇಲ್ಲ.

ಅರ್ಕನ್ಸಾ ರಾಜ್ಯದ ಕಥೆ ಇನ್ನೂ ವಿಚಿತ್ರ. ಈ ಹೆಸರಿನ ಕೊನೆಯಲ್ಲಿ ‘ಎಸ್’ ಬರೆದರೂ ಅದನ್ನು ನುಡಿಯುವುದಿಲ್ಲ. ಹಾಗೆ ನುಡಿಯಬಾರದೆಂದು 1881ರಲ್ಲಿಯೇ ಅಲ್ಲಿನ ಶಾಸನಸಭೆ ಗೊತ್ತುವಳಿ ಮಾಡಿತ್ತು. 2007ರಲ್ಲಿ ಅದೇ ಸಭೆ ಇನ್ನೊಂದು ಗೊತ್ತುವಳಿ ಮಾಡಿ, ತಮ್ಮ ರಾಜ್ಯದ ಷಷ್ಠಿಗೆ ಎರಡನೆಯ ‘ಎಸ್’ ಇರಲೇಬೇಕು ಎಂದಿತು. ಮೊದಲನೆಯದು ಮೌನವಾಗಿರುವಾಗ ಎರಡನೆಯದಾದರೂ ಮಾತಾಡಬೇಕಷ್ಟೆ.

ಹೆಸರಿನೊಳಗೇ ಷಷ್ಠಿ

ಇನ್ನೂ ಆಳಕ್ಕೆ ಹೋದರೆ, ಇಂಥ ಎಷ್ಟೋ ಹೆಸರುಗಳ ಕೊನೆಯ ‘ಎಸ್’ ತಾನೇ ಒಂದು ಹಳೆಯ ಷಷ್ಠಿ. ವಿಲಿಯಮ್ಸ್ ಎಂದರೆ ವಿಲಿಯಮನ ಮಗ, ಜೋನ್ಸ್ ಎಂದರೆ ಜಾನನ ಮಗ. ಮಗ ಎಂಬ ಶಬ್ದ ಬಿದ್ದುಹೋಗಿ ವಿಭಕ್ತಿ ಮಾತ್ರ ಉಳಿದಿದೆ. ಪೋರ್ಚುಗೀಸ್ ಭಾಷೆಯಲ್ಲೂ ತಂದೆಯ ಹೆಸರಿನಿಂದ ಮಗನ ಹೆಸರು ಹುಟ್ಟುವುದು ಹೀಗೆಯೇ: ಫರ್ನಾಂಡೋನ ಮಗ ಫರ್ನಾಂಡಿಸ್, ರೋಡ್ರಿಗೋನ ಮಗ ರೋಡ್ರಿಗಸ್. ಗೋವೆಯ ಮಾರ್ಗವಾಗಿ ಕರಾವಳಿ ಕರ್ನಾಟಕಕ್ಕೆ ಬಂದ ಈ ಹೆಸರುಗಳು ಇಂದು ಮಂಗಳೂರು, ಉಡುಪಿಗಳ ಮನೆಮಾತು. ಇವುಗಳಿಗೆ ಷಷ್ಠಿ ಸೇರಿಸುವುದೆಂದರೆ ತಂದೆಯ ಗುರುತಿನ ಮೇಲೆ ಮಗನ ಗುರುತನ್ನು ಇಟ್ಟಂತೆ. ಅದಕ್ಕೊಂದು ‘ಎಸ್’, ಇದಕ್ಕೊಂದು ‘ಎಸ್’. ಎರಡನೆಯದು ದಂಡ ಎನ್ನುವಂತಿಲ್ಲ.

1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರ ಬಗ್ಗೆ ಬರೆಯುವಾಗ ಇಂಗ್ಲಿಷ್ ಪತ್ರಿಕೆಗಳ ಉಪಸಂಪಾದಕರು ಈ ಪ್ರಶ್ನೆ ಎದುರಿಸಲೇಬೇಕಿತ್ತು. ಕನ್ನಡ ಪತ್ರಿಕೆಗಳಿಗೆ ಆ ಚಿಂತೆಯಿರಲಿಲ್ಲ. ‘ಫರ್ನಾಂಡಿಸ್ ಅವರ ಭಾಷಣ’ ಎಂದರೆ ಗೌರವವೂ ಬಂತು, ಷಷ್ಠಿಯೂ ಬಂತು. ಬೆನ್ ಜಾನ್ಸನ್ ಸೆಜಾನಸ್‌ಗೆ ಬಳಸಿದ, ಸ್ಯಾಮ್ಯುಯೆಲ್ ಜಾನ್ಸನ್ ಮೂಲವಲ್ಲವೆಂದು ತಳ್ಳಿಹಾಕಿದ ಆ ಪ್ರಯೋಗದಂಥದೇ ಒಂದು ಕನ್ನಡದಲ್ಲಿ ದಿನವೂ ಅಚ್ಚಾಗುತ್ತಿದೆ.

ಹಾಗಾದರೆ ಸರಿ ಯಾವುದು? ಬಾಯಲ್ಲಿ ಹೆಚ್ಚಿನ ಉಚ್ಚಾರಾಂಶ ಬರುವುದಾದರೆ ಅದನ್ನು ಬರೆಯುವುದು ನುಡಿಗೆ ಹತ್ತಿರ. ಬರಿಯ ಚಿಹ್ನೆ ಇಡುವವರ ಬೆನ್ನಿಗೂ ಹಳೆಯ ರೂಢಿಯೊಂದಿದೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತವಾಗದ ವಿಷಯದಲ್ಲಿ ಹತ್ತನೇ ತರಗತಿಯ ಹುಡುಗನ ಅರ್ಧ ಅಂಕ ಕಳೆಯುವ ಮುನ್ನ ಮೇಷ್ಟರು ಒಂದು ಗಳಿಗೆ ಯೋಚಿಸುವುದು ಒಳ್ಳೆಯದು.