ಸದಾ ಸೋಲುವ ತಂಡ

ಕಳೆದ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಮೊಮ್ಮಗಳಿಗೆಂದು ಒಂದು ಇಂಗ್ಲಿಷ್ ಚಿತ್ರಪುಸ್ತಕ ಕೊಂಡೆ. ಬೆನ್ನು ಕಿತ್ತುಹೋಗಿತ್ತು. ಮೊದಲ ಹಾಳೆಯ ಮೇಲೆ ಯಾವುದೋ ಮಗು ಬಣ್ಣದ ಕಡ್ಡಿಯಿಂದ ಗೀಚಿತ್ತು. ಹೆಸರು ‘ಚಾರ್ಲಿ ಬ್ರೌನ್ಸ್ ಆಲ್ ಸ್ಟಾರ್ಸ್’. ಬೇಸ್‌ಬಾಲ್ ಆಡುವ ಮಕ್ಕಳ ಕಥೆ. ಬೇಸ್‌ಬಾಲ್ ಎಂದರೆ ಕ್ರಿಕೆಟ್ಟಿನ ದೂರದ ದಾಯಾದಿ ಎನ್ನುವುದರಾಚೆಗೆ ನನಗೇನೂ ತಿಳಿಯದು. ಮೊಮ್ಮಗಳಿಗೂ ಅಷ್ಟೆ; ಅವಳದೇನಿದ್ದರೂ ಶಾಲೆಯ ತ್ರೋಬಾಲ್. ಆದರೂ ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ಓದಿದೆವು. ಮುಗಿದ ಮೇಲೆ ಅವಳು ಕೇಳಿದ್ದು ಆಟದ ಬಗ್ಗೆ ಅಲ್ಲ.

“ಅಜ್ಜೀ, ಇಷ್ಟು ಹೊತ್ತು ಆಡ್ತಾನೇ ಇದಾರಲ್ಲ, ಯಾರ ಅಮ್ಮಾನೂ ಊಟಕ್ಕೆ ಕರೆಯೋಕೆ ಬರೋದೇ ಇಲ್ವಾ?”

ಹೌದಲ್ಲ ಎನಿಸಿತು. ಪುಟ ತಿರುವಿ ನೋಡಿದೆ. ಮಕ್ಕಳಿದ್ದಾರೆ, ನಾಯಿಯಿದೆ, ಮೈದಾನವಿದೆ. ದೊಡ್ಡವರು ಒಬ್ಬರೂ ಇಲ್ಲ.

ಈ ಚಿತ್ರಗಳನ್ನು ಬರೆದವರು ಅಮೆರಿಕದ ಚಾರ್ಲ್ಸ್ ಶುಲ್ಜ್. ‘ಪೀನಟ್ಸ್’ ಎಂಬ ಅವರ ಚಿತ್ರಸರಣಿ ನಮ್ಮಲ್ಲೂ ಇಂಗ್ಲಿಷ್ ಪತ್ರಿಕೆಗಳ ಕೊನೆಯ ಪುಟಗಳಲ್ಲಿ ಬರುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 1950ರ ಅಕ್ಟೋಬರ್ 2ರಂದು ಏಳು ಪತ್ರಿಕೆಗಳಲ್ಲಿ ಶುರುವಾದ ಆ ಸರಣಿಯನ್ನು ಸುಮಾರು ಐವತ್ತು ವರ್ಷ ಅವರೊಬ್ಬರೇ ಬರೆದರು. ಒಟ್ಟು 17,897 ಕಂತುಗಳು. ಅದರಲ್ಲಿ ಬೇಸ್‌ಬಾಲಿನ ಕಂತುಗಳೇ ನೂರಾರು. ಚಾರ್ಲಿ ಬ್ರೌನ್ ತಂಡದ ನಾಯಕ, ಚೆಂಡು ಎಸೆಯುವವನೂ ಅವನೇ. ಬಲಬದಿಯಲ್ಲಿ ನಿಲ್ಲುವ ಲೂಸಿಗೆ ಚೆಂಡಿಗಿಂತ ಮಾತಿನ ಮೇಲೆ ಗಮನ. ಶಾರ್ಟ್‌ಸ್ಟಾಪ್ ಎಂಬ ಜಾಗದಲ್ಲಿ ನಿಲ್ಲುವುದು ಸ್ನೂಪಿ ಎಂಬ ನಾಯಿ. ತಂಡದಲ್ಲಿ ನೆಟ್ಟಗೆ ಆಡುವವನೆಂದರೆ ಅವನೊಬ್ಬನೇ ಅನ್ನಿ. ತಂಡ ಹೆಚ್ಚುಕಡಿಮೆ ಯಾವಾಗಲೂ ಸೋಲುತ್ತದೆ.

ಈ ಸೋಲು ಕಲ್ಪನೆಯಿಂದ ಬಂದದ್ದಲ್ಲ. ಹುಡುಗನಾಗಿದ್ದಾಗ ತಮ್ಮ ತಂಡ ಒಮ್ಮೆ 40-0 ಅಂತರದಲ್ಲಿ ಸೋತದ್ದನ್ನು ಶುಲ್ಜ್ ಅವರೇ ಹೇಳಿಕೊಂಡಿದ್ದಾರೆ. ಅವರು ಬೆಳೆದದ್ದು ಮಿನ್ನೆಸೋಟಾದ ಸೇಂಟ್ ಪಾಲ್ ಊರಿನಲ್ಲಿ. ತಂದೆ ಕಾರ್ಲ್ ಕ್ಷೌರಿಕರು. ಚಾರ್ಲಿ ಬ್ರೌನನ ತಂದೆಯೂ ಕ್ಷೌರಿಕನೇ. ಮನೆಯಲ್ಲಿ ಸ್ಪೈಕ್ ಎಂಬ ಕಪ್ಪುಬಿಳುಪು ನಾಯಿಯಿತ್ತು. ಗುಂಡುಪಿನ್ನು, ಮೊಳೆ ಏನು ಸಿಕ್ಕರೂ ನುಂಗುತ್ತಿತ್ತಂತೆ. 1937ರಲ್ಲಿ, ಹದಿನಾಲ್ಕರ ಹುಡುಗ ಅದರ ಚಿತ್ರ ಬರೆದು ‘ರಿಪ್ಲೀಸ್ ಬಿಲೀವ್ ಇಟ್ ಆರ್ ನಾಟ್’ ಅಂಕಣಕ್ಕೆ ಕಳಿಸಿದ, ಅಚ್ಚಾಯಿತು. ಅವರ ಚಿತ್ರ ಮೊದಲ ಸಲ ಅಚ್ಚಾದದ್ದೇ ಅದು. ಎಷ್ಟೋ ವರ್ಷಗಳ ನಂತರ, 1975ರಲ್ಲಿ, ಸ್ನೂಪಿಗೆ ಮರುಭೂಮಿಯಲ್ಲಿ ವಾಸಿಸುವ ಒಬ್ಬ ಅಣ್ಣ ಹುಟ್ಟಿಕೊಂಡ. ಅವನ ಹೆಸರು ಸ್ಪೈಕ್!

ತಾಯಿ ಡೇನಾ. ‘ಚಿತ್ರ ಬರೆಯಲು ಇಷ್ಟವೇ?’ ಎಂಬಂಥ ಜಾಹೀರಾತನ್ನು ಪತ್ರಿಕೆಯಲ್ಲಿ ಕಂಡು ಮಗನಿಗೆ ತೋರಿಸಿದವರು ಅವರು. ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆಯದು. ಶುಲ್ಕ 170 ಡಾಲರ್, ಕ್ಷೌರದಂಗಡಿಯ ಆದಾಯದಲ್ಲಿ ತಂದೆ ಕಂತು ಕಂತಾಗಿ ಕಟ್ಟಿದರು. ಅಲ್ಲಿ ಮಕ್ಕಳ ಚಿತ್ರ ಬರೆಯುವ ಪಾಠಕ್ಕೆ ಈ ಮಹಾಶಯರಿಗೆ ಸಿಕ್ಕಿದ್ದು ಸಿ ಪ್ಲಸ್. (ಅಂಕಪಟ್ಟಿ ಹಿಡಿದು ಮಕ್ಕಳನ್ನು ಬೈಯುವ ಮೊದಲು ನನಗೆ ಈಗೀಗ ಇದು ನೆನಪಾಗುತ್ತದೆ.)

ಡೇನಾ ಅವರಿಗೆ ಕ್ಯಾನ್ಸರ್ ಇತ್ತು. ವರ್ಷಗಟ್ಟಲೆ ನರಳಿದರೂ ಕಾಯಿಲೆಯ ಹೆಸರನ್ನು ಮಗನಿಗೆ ಹೇಳಿರಲಿಲ್ಲ. ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೆ, ಪಿಸುಮಾತಿನಲ್ಲೇ ಎಲ್ಲ ಮುಗಿದುಹೋಗುತ್ತದೆ. ಅಷ್ಟರಲ್ಲಿ ಎರಡನೇ ಮಹಾಯುದ್ಧಕ್ಕೆಂದು ಮಗನಿಗೆ ಸೈನ್ಯದ ಕರೆ ಬಂತು. 1943ರ ಫೆಬ್ರುವರಿ ಕೊನೆಗೆ ರಜೆಯ ಮೇಲೆ ಮನೆಗೆ ಬಂದಿದ್ದವರು ಶಿಬಿರಕ್ಕೆ ಹೊರಟು ನಿಂತಾಗ, ಈಗಲೇ ವಿದಾಯ ಹೇಳಿಬಿಡೋಣ, ಮತ್ತೆ ನೋಡುವುದು ಆಗಲಿಕ್ಕಿಲ್ಲ ಎಂದು ತಾಯಿಯೇ ಅಂದರಂತೆ. ಮರುದಿನ, ಮಾರ್ಚ್ 1ರಂದು, ತೀರಿಕೊಂಡರು. ಮಗನಿಗೆ ಇಪ್ಪತ್ತು ವರ್ಷ.

ಆ ತಾಯಿ ಒಮ್ಮೆ ಹೇಳಿದ್ದರು: ಮನೆಗೆ ಇನ್ನೊಂದು ನಾಯಿ ಬಂದರೆ ಅದಕ್ಕೆ ಸ್ನೂಪಿ ಅಂತ ಹೆಸರಿಡಬೇಕು. ಅವರದು ನಾರ್ವೆ ಮೂಲದ ಮನೆತನ; ಅಲ್ಲಿಯ ಮುದ್ದಿನ ಮಾತೊಂದರ ಧ್ವನಿ ಆ ಹೆಸರಿನಲ್ಲಿದೆ. ಮುಂದೆ ಚಿತ್ರಸರಣಿ ಶುರುವಾಗುವಾಗ ಶುಲ್ಜ್ ತಮ್ಮ ನಾಯಿಗೆ ‘ಸ್ನಿಫಿ’ ಎಂದು ಹೆಸರಿಟ್ಟಿದ್ದರು. ಅದೇ ಹೆಸರಿನ ನಾಯಿ ಬೇರೆ ಚಿತ್ರಕಥೆಯಲ್ಲಿ ಆಗಲೇ ಇದೆ ಎಂದು ತಿಳಿಯಿತು. ಆಗ ನೆನಪಾದದ್ದು ಅಮ್ಮನ ಮಾತು.

ನನ್ನ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬವಿದೆ. ಅದರ ಕಂಠದ ಮೇಲೆ ನನ್ನ ಅಮ್ಮನ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ದಿನಾ ಬೇಳೆ ತೆಗೆಯುವಾಗ ನಾನು ಅದನ್ನು ಓದುತ್ತೇನೆಂದಲ್ಲ. ಆದರೆ ಒಮ್ಮೆ ಸೊಸೆ ಅದನ್ನು ಅಟ್ಟಕ್ಕೆ ಹಾಕಿ ಹೊಸದನ್ನು ಇಟ್ಟಾಗ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಕಾರಣ ಕೇಳಿದರೆ ಹೇಳಲಿಲ್ಲ. ಆ ಮನುಷ್ಯ ಐವತ್ತು ವರ್ಷ ತಾಯಿ ಇಟ್ಟ ಹೆಸರನ್ನು ಬರೆದರಲ್ಲ, ಪ್ರತಿ ಸಲವೂ ನೆನೆದಿರಲಾರರು. ಬರೆದದ್ದಂತೂ ನಿಜ.

ಇನ್ನು ಕೆಂಪುಗೂದಲಿನ ಹುಡುಗಿ. ಅದೇ ಅಂಚೆ ಶಾಲೆಯಲ್ಲಿ ಶುಲ್ಜ್ ಮುಂದೆ ಪಾಠ ತಿದ್ದುವ ಕೆಲಸಕ್ಕೆ ಸೇರಿದರು. ಲೆಕ್ಕದ ವಿಭಾಗದಲ್ಲಿದ್ದ ಕೆಂಪುಗೂದಲಿನ ಯುವತಿಯೊಬ್ಬಳನ್ನು ಮೆಚ್ಚಿ ಮದುವೆಯ ಮಾತೆತ್ತಿದರು. ಆಕೆ ಬೇರೊಬ್ಬರನ್ನು ಒಪ್ಪಿಕೊಂಡರು. ಇದು ನಡೆದದ್ದೂ 1950ರಲ್ಲೇ, ‘ಪೀನಟ್ಸ್’ಗೆ ಒಪ್ಪಂದ ಸಿಕ್ಕ ಬೇಸಿಗೆಯಲ್ಲೇ. 1961ರಿಂದ ಚಾರ್ಲಿ ಬ್ರೌನ್ ದೂರದಿಂದ ನೋಡಿ ನಿಟ್ಟುಸಿರಿಡುವ ಪುಟ್ಟ ಕೆಂಪುಗೂದಲಿನ ಹುಡುಗಿಯ ಪ್ರಸ್ತಾಪ ಬರತೊಡಗಿತು. ಒಂದು ಆಟಕ್ಕೆ ಆಕೆ ಪ್ರೇಕ್ಷಕಳಾಗಿ ಬಂದಾಗ ಇವನ ಮೈ ನಡುಗಿ ಮನೆಗೆ ಹೋಗಬೇಕಾಗುತ್ತದೆ; ಬದಲಿಗೆ ಚೆಂಡೆಸೆದ ಗೆಳೆಯ ಲೈನಸ್ ಆಟ ಗೆಲ್ಲಿಸಿಬಿಡುತ್ತಾನೆ. ಆ ಹುಡುಗಿಯ ಮುಖವನ್ನು ಶುಲ್ಜ್ ಆ ಸರಣಿಯಲ್ಲಿ ಬರೆಯಲೇ ಇಲ್ಲ. 1998ರಲ್ಲಿ ಒಮ್ಮೆ ಬರೀ ನೆರಳುಚಿತ್ರ, ಅಷ್ಟೆ.

ಎಲ್ಲವೂ ಇಷ್ಟು ಭಾರವಾದದ್ದಲ್ಲ. 1958ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಅವರು ಸ್ಯಾನ್ ಫ್ರಾನ್ಸಿಸ್ಕೋದ ಜೈಂಟ್ಸ್ ತಂಡದ ಅಭಿಮಾನಿ. 1962ರ ವಿಶ್ವ ಸರಣಿಯ ಕೊನೆಯ ಆಟದಲ್ಲಿ ಆ ತಂಡ 1-0ಯಿಂದ ಸೋತಿತು. ಮೆಕೋವಿ ಎಂಬ ಆಟಗಾರ ಬಲವಾಗಿ ಬೀಸಿದ ಚೆಂಡು ನೇರ ಎದುರಾಳಿಯ ಕೈಗೆ ಹೋಯಿತು. ಎರಡು ತಿಂಗಳ ನಂತರದ ಒಂದು ಕಂತಿನಲ್ಲಿ ಚಾರ್ಲಿ ಬ್ರೌನ್ ಮತ್ತು ಲೈನಸ್ ಮೂರು ಚಿತ್ರಗಳ ತನಕ ಸುಮ್ಮನೆ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಾರೆ. ನಾಲ್ಕನೆಯದರಲ್ಲಿ ಚಾರ್ಲಿ ಬ್ರೌನ್, ಆ ಚೆಂಡು ಮೂರಡಿ ಮೇಲೆ ಹೋಗಬಾರದಿತ್ತೇ ಎಂದು ಆಕಾಶಕ್ಕೆ ಕೂಗುತ್ತಾನೆ. ನಮ್ಮ ಯಜಮಾನರು ಕ್ರಿಕೆಟ್ ಸೋತ ದಿನ ಊಟ ಬಿಡುವುದನ್ನು ಕಂಡ ನನಗೆ ಇದಕ್ಕೆ ಅರ್ಥ ಬೇಕಿರಲಿಲ್ಲ.

ಮೊಮ್ಮಗಳೊಂದಿಗೆ ಓದಿದ ಪುಸ್ತಕದ ಕಥೆ 1966ರದು, ಮೊದಲು ಟೆಲಿವಿಷನ್ನಿಗೆಂದು ಮಾಡಿದ್ದು. ಅಂಗಡಿಯವನೊಬ್ಬ ತಂಡಕ್ಕೆ ಸಮವಸ್ತ್ರ ಕೊಡಿಸಲು ಮುಂದೆ ಬರುತ್ತಾನೆ. ಆದರೆ ಸಂಘದ ನಿಯಮದಂತೆ ತಂಡದಲ್ಲಿ ಹುಡುಗಿಯರೂ ನಾಯಿಯೂ ಇರಕೂಡದು. ಸಮವಸ್ತ್ರಕ್ಕಾಗಿ ಬಾಯಿಬಿಡುತ್ತಿದ್ದ ಚಾರ್ಲಿ ಬ್ರೌನ್ ಬೇಡವೆಂದುಬಿಡುತ್ತಾನೆ, ಕಾರಣವನ್ನು ಹುಡುಗಿಯರಿಗೆ ಹೇಳುವುದೂ ಇಲ್ಲ. ಅವರು ಅವನನ್ನೇ ಬೈಯುತ್ತಾರೆ. ನಿಜ ತಿಳಿದ ಮೇಲೆ ನಾಚಿ, ಲೈನಸ್ ಬಿಟ್ಟಿರಲಾರದ ಹೊದಿಕೆಯನ್ನೇ ಕತ್ತರಿಸಿ ನಾಯಕನಿಗೊಂದು ಅಂಗಿ ಹೊಲಿದುಕೊಡುತ್ತಾರೆ.

ಆ ನಿಯಮ ಕಥೆಗೆಂದು ಕಟ್ಟಿದ್ದಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 1950ರಲ್ಲಿ ಕ್ಯಾಥರಿನ್ ಜಾನ್‌ಸ್ಟನ್ ಎಂಬ ಹುಡುಗಿ ಜಡೆ ಕತ್ತರಿಸಿಕೊಂಡು ಹುಡುಗನ ವೇಷದಲ್ಲಿ ‘ಲಿಟಲ್ ಲೀಗ್’ ಆಡಿದಳು. ಮರುವರ್ಷವೇ ಹುಡುಗಿಯರು ಕೂಡದು ಎಂಬ ನಿಯಮ ಬಂತು. ಅದು ಬಿದ್ದದ್ದು 1974ರಲ್ಲಿ, ನ್ಯಾಯಾಲಯದ ಹೋರಾಟದ ನಂತರ. ಶುಲ್ಜ್ ಅವರ ಕಾಗದದ ಮೈದಾನದಲ್ಲಿ ಲೂಸಿ ಅದಕ್ಕೆ ಎಷ್ಟೋ ವರ್ಷ ಮೊದಲೇ ನಿಂತಿದ್ದಳು. ಮುಂದೆ ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ಅವರ ಗೆಳೆತನವಾಯಿತು; 1979ರಲ್ಲಿ ಹೆಣ್ಣುಮಕ್ಕಳ ಕ್ರೀಡೆಗೆ ಆಗುತ್ತಿದ್ದ ಅನ್ಯಾಯದ ಬಗ್ಗೆಯೇ ಕೆಲವು ಕಂತು ಬರೆದರು. ನನಗಂತೂ ಆ ಕಂತುಗಳಿಗಿಂತ ಹೊದಿಕೆ ಕತ್ತರಿಸಿದ ಅಂಗಿಯೇ ಇಷ್ಟ.

ಮೊಮ್ಮಗಳಿಗೆ ಇದನ್ನೆಲ್ಲ ಒಂದೇ ಸಲಕ್ಕೆ ಹೇಳಲಿಲ್ಲ. “ಆ ಅಂಕಲ್‌ಗೆ ಅಮ್ಮ ಇರಲಿಲ್ಲ ಪುಟ್ಟಾ, ನಾಯಿಗೆ ಹೆಸರಿಟ್ಟು ಹೋಗಿಬಿಟ್ಟಿದ್ದರು” ಎಂದಷ್ಟೇ ಅಂದೆ. ಅವಳು ಪುಸ್ತಕ ತೆರೆದು ಸ್ನೂಪಿ ಇರುವ ಪುಟಗಳನ್ನು ಎಣಿಸುತ್ತಾ ಕೂತಳು.

1999ರ ನವೆಂಬರಿನಲ್ಲಿ ಶುಲ್ಜ್ ಅವರಿಗೂ ಕ್ಯಾನ್ಸರ್ ಎಂದು ತಿಳಿಯಿತು. ಡಿಸೆಂಬರಿನಲ್ಲಿ ಕೆಲಸ ನಿಲ್ಲಿಸುವುದಾಗಿ ಹೇಳಿದರು. 2000ದ ಫೆಬ್ರುವರಿ 12ರ ರಾತ್ರಿ ನಿದ್ದೆಯಲ್ಲೇ ತೀರಿಕೊಂಡರು. ಮರುದಿನ ಭಾನುವಾರದ ಪತ್ರಿಕೆಗಳಲ್ಲಿ, ಮೊದಲೇ ಬರೆದಿಟ್ಟಿದ್ದ ಕೊನೆಯ ಕಂತು ಬಂತು. ಅದರಲ್ಲಿ ಓದುಗರಿಗೆ ಅವರು ಬರೆದ ವಿದಾಯದ ಪತ್ರವಿದೆ. ಪತ್ರದ ಜೊತೆಗಿನ ಚಿತ್ರದಲ್ಲಿ, ಗೂಡಿನ ಮಾಡಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕೂತಿರುವವನು ಸ್ನೂಪಿ.