ಬೆಳಕನ್ನು ಹಿಂದಿಕ್ಕಬಹುದೇ?

ಬೈಬಲಿನ ಮೊದಲ ಪುಟದಲ್ಲೇ ಬೆಳಕು ಕಾಣಿಸಿಕೊಳ್ಳುತ್ತದೆ. ಸೂರ್ಯಚಂದ್ರರ ಸೃಷ್ಟಿ ನಾಲ್ಕನೆಯ ದಿನದ್ದು, ಬೆಳಕಿನ ಸೃಷ್ಟಿ ಮೊದಲನೆಯ ದಿನದ್ದು. ಪಾಸ್ಖ ಜಾಗರಣೆಯ ರಾತ್ರಿ ಈ ವಾಚನವನ್ನು ನಾವು ಪ್ರತಿ ವರ್ಷವೂ ಭಕ್ತಿಯಿಂದ ಆಲಿಸುತ್ತೇವೆ. ಆದರೆ ಪ್ರಿಯ ಓದುಗರೇ, ಈ ಬೆಳಕು ಒಂದೆಡೆಯಿಂದ ಮತ್ತೊಂದೆಡೆಗೆ ತಲುಪಲು ಎಷ್ಟು ಕಾಲ ಬೇಕು, ಅದಕ್ಕಿಂತ ವೇಗವಾಗಿ ಸಾಗುವ ವಸ್ತು ಈ ಸೃಷ್ಟಿಯಲ್ಲಿ ಯಾವುದಾದರೂ ಇದೆಯೇ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ನೀವು ಯೋಚಿಸದಿದ್ದರೂ ನಿಮ್ಮ ಮಕ್ಕಳು ಯೋಚಿಸಿರುತ್ತಾರೆ. ಕಣ್ಣೆವೆಯಿಕ್ಕುವಷ್ಟರಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ನೌಕೆಗಳನ್ನು ಅವರು ಸಿನಿಮಾಗಳಲ್ಲಿ ಕಂಡಿದ್ದಾರೆ. "ಅಪ್ಪಾ, ಇದು ನಿಜವಾಗಿಯೂ ಆಗುತ್ತದೆಯೇ?" ಎಂದು ಮಗ ಕೇಳಿದರೆ ಏನೆಂದು ಉತ್ತರಿಸುವಿರಿ? ಆ ಉತ್ತರದ ಹಿಂದೆ ಮುನ್ನೂರೈವತ್ತು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಅದರಲ್ಲಿ ನಮ್ಮ ಕ್ರೈಸ್ತ ಗುರುಗಳ ಪಾತ್ರವೂ ಇದೆ ಎಂಬುದು ಬಹುಮಂದಿಗೆ ತಿಳಿಯದ ಸಂಗತಿ.

ಲಾಂದ್ರದಿಂದ ಗುರುಗ್ರಹದವರೆಗೆ

ಬೆಳಕು ಕ್ಷಣಮಾತ್ರವೂ ತಡವಿಲ್ಲದೆ ಎಲ್ಲೆಡೆ ಹರಡುತ್ತದೆ ಎಂದೇ ಪ್ರಾಚೀನರಲ್ಲಿ ಅನೇಕರು ನಂಬಿದ್ದರು. ಇದನ್ನು ಪರೀಕ್ಷಿಸುವ ಬಗೆಯನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ. ಇಬ್ಬರು ಮುಚ್ಚಿದ ಲಾಂದ್ರಗಳನ್ನು ಹಿಡಿದು ರಾತ್ರಿಯಲ್ಲಿ ದೂರ ದೂರ ನಿಲ್ಲಬೇಕು. ಒಬ್ಬನು ಮುಚ್ಚಳ ತೆರೆದು ಬೆಳಕು ತೋರಿಸಿದೊಡನೆ ಇನ್ನೊಬ್ಬನು ತನ್ನದನ್ನು ತೆರೆಯಬೇಕು. ಒಂದು ಮೈಲಿಗಿಂತ ಕಡಿಮೆ ದೂರದಲ್ಲಿ ಮಾಡಿದ ಈ ಪರೀಕ್ಷೆಯಲ್ಲಿ ಯಾವ ವಿಳಂಬವೂ ಗೋಚರಿಸಲಿಲ್ಲ. ಬೆಳಕಿಗೆ ಕಾಲ ಬೇಕಿದ್ದರೂ ಅದು ಅತ್ಯಲ್ಪವಾಗಿರಬೇಕು ಎಂದಷ್ಟೇ ಹೇಳಲು ಸಾಧ್ಯವಾಯಿತು.

ಮುಂದಿನ ಹೆಜ್ಜೆಗೆ ಭೂಮಿ ಸಾಲಲಿಲ್ಲ, ಆಕಾಶವೇ ಬೇಕಾಯಿತು. ಪ್ಯಾರಿಸಿನ ವೀಕ್ಷಣಾಲಯದಲ್ಲಿದ್ದ ಡೆನ್ಮಾರ್ಕಿನ ಓಲೆ ರೋಮರ್ ಗುರುಗ್ರಹದ ಉಪಗ್ರಹವಾದ ಅಯೋವನ್ನು ಗಮನಿಸುತ್ತಿದ್ದ. ಸುಮಾರು ನಲವತ್ತೆರಡೂವರೆ ಗಂಟೆಗೊಮ್ಮೆ ಅದು ಗುರುವಿನ ನೆರಳಿನಲ್ಲಿ ಮರೆಯಾಗುತ್ತದೆ. ಭೂಮಿಯು ಗುರುವಿನಿಂದ ದೂರ ಸರಿಯುತ್ತಿರುವ ತಿಂಗಳುಗಳಲ್ಲಿ ಈ ಗ್ರಹಣಗಳು ತಡವಾಗುತ್ತ ಹೋಗುತ್ತವೆ, ಹತ್ತಿರ ಬರುವಾಗ ಬೇಗನೆ ಕಾಣಿಸುತ್ತವೆ. ಅಯೋ ತನ್ನ ನಿಯಮ ತಪ್ಪುತ್ತಿಲ್ಲ. ಅದರ ಸುದ್ದಿಯನ್ನು ಹೊತ್ತು ತರುವ ಬೆಳಕು ಹೆಚ್ಚು ದಾರಿ ನಡೆಯಬೇಕಾಗಿದೆ ಎಂದು ರೋಮರ್ ಅರಿತ. 1676ರ ನವೆಂಬರ್ 9ರ ಗ್ರಹಣವು ಹತ್ತು ನಿಮಿಷ ತಡವಾಗುವುದೆಂದು ಮುಂಚಿತವಾಗಿಯೇ ಸಾರಿದ, ಹಾಗೆಯೇ ಆಯಿತು. ಆದರೂ ವೀಕ್ಷಣಾಲಯದ ಹಿರಿಯನಾದ ಕಸೀನಿ ಅವನ ವಿವರಣೆಯನ್ನು ಒಪ್ಪಲಿಲ್ಲ.

ಸಂದೇಹಕ್ಕೆ ತೆರೆ ಎಳೆದವರು ಜೇಮ್ಸ್ ಬ್ರಾಡ್ಲಿ. ಇವರು ಆಂಗ್ಲಿಕನ್ ಸಭೆಯಲ್ಲಿ ದೀಕ್ಷೆ ಪಡೆದು ಕೆಲಕಾಲ ಧರ್ಮಕೇಂದ್ರವೊಂದರ ಪಾಲಕರಾಗಿದ್ದವರು. ಮಳೆ ನೇರವಾಗಿ ಸುರಿಯುತ್ತಿದ್ದರೂ ಓಡುವವನು ಕೊಡೆಯನ್ನು ಮುಂದಕ್ಕೆ ವಾಲಿಸಬೇಕಾಗುತ್ತದೆ, ಅಲ್ಲವೇ? ಅದೇ ರೀತಿ, ಚಲಿಸುತ್ತಿರುವ ಭೂಮಿಯಿಂದ ನೋಡುವಾಗ ನಕ್ಷತ್ರದ ಬೆಳಕು ಕೊಂಚ ಓರೆಯಾಗಿ ಬಂದಂತೆ ತೋರುತ್ತದೆ. ಆ ಓರೆಯನ್ನು ಅಳೆದ ಬ್ರಾಡ್ಲಿ, ಸೂರ್ಯನ ಬೆಳಕು ನಮ್ಮನ್ನು ತಲುಪಲು 8 ನಿಮಿಷ 12 ಸೆಕೆಂಡು ಬೇಕೆಂದು 1728ರ ಸುಮಾರಿಗೆ ಲೆಕ್ಕ ಹಾಕಿದರು. ಇಂದಿನ ಲೆಕ್ಕ 8 ನಿಮಿಷ 19 ಸೆಕೆಂಡು! ಸೆಕೆಂಡಿಗೆ 2,99,792 ಕಿಲೋಮೀಟರ್ ಎಂಬುದು ಇಂದು ನಾವು ಅರಿತಿರುವ ಬೆಳಕಿನ ವೇಗ.

ಪುದುಚೇರಿಯಿಂದ ಕಂಡ ಜೋಡಿತಾರೆ

ಈ ವೇಗ ನಮಗೆ ಅಪಾರವೆನಿಸುತ್ತದೆ. ನಕ್ಷತ್ರಗಳ ನಡುವಿನ ಅಂತರದ ಮುಂದೆ ಅದು ಆಮೆಯ ನಡಿಗೆ. ಮೇ ತಿಂಗಳು ಮಾತೆ ಮರಿಯಮ್ಮನವರಿಗೆ ಮೀಸಲಾದುದು. ಒಂದು ರಾತ್ರಿ ಜಪಸರ, ಊಟ ಮುಗಿದ ಬಳಿಕ ಒಂಬತ್ತು ಹತ್ತು ಗಂಟೆಯ ವೇಳೆಗೆ ಮಕ್ಕಳೊಡನೆ ಬಯಲಿಗೆ ಬಂದು ದಕ್ಷಿಣ ದಿಗಂತದತ್ತ ನೋಡಿ. ಅಷ್ಟೇನೂ ಎತ್ತರದಲ್ಲಿಲ್ಲದ ಎರಡು ಉಜ್ವಲ ತಾರೆಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಎಡಗಡೆಯದು ಆಲ್ಫಾ ಸೆಂಟಾರಿ, ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ ಕುಟುಂಬ. ಬರಿಗಣ್ಣಿಗೆ ಒಂದಾಗಿ ತೋರುವ ಈ ತಾರೆ ವಾಸ್ತವವಾಗಿ ಜೋಡಿ ಎಂಬುದನ್ನು ಮೊದಲಿಗೆ ಕಂಡವರು ಯೇಸುಸಭೆಯ ಫ್ರೆಂಚ್ ಗುರುಗಳಾದ ಝಾನ್ ರಿಶೋ. 1689ರ ಡಿಸೆಂಬರಿನಲ್ಲಿ ಧೂಮಕೇತುವೊಂದನ್ನು ದೂರದರ್ಶಕದಿಂದ ವೀಕ್ಷಿಸುತ್ತಿದ್ದಾಗ ಅವರಿಗೆ ಇದು ಗೋಚರಿಸಿತು. ಅವರು ನಿಂತು ನೋಡಿದ್ದು ಯೂರೋಪಿನಿಂದಲ್ಲ, ನಮ್ಮ ನೆರೆಯ ಪುದುಚೇರಿಯಿಂದ!

ಆ ತಾರೆಯಿಂದ ಹೊರಟ ಬೆಳಕು ಇಲ್ಲಿಗೆ ಬರಲು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಇಂದು ಐದನೆಯ ತರಗತಿಯಲ್ಲಿ ಓದುವ ನಿಮ್ಮ ಮಗಳು ಒಂದನೆಯ ತರಗತಿಗೆ ಸೇರಿದ ಕಾಲದಲ್ಲಿ ಹೊರಟ ಬೆಳಕನ್ನು ಈಗ ಅವಳು ಕಾಣುತ್ತಿದ್ದಾಳೆ. ನಮ್ಮ ನೌಕೆಗಳಿಗಾದರೋ? 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಅದೇ ವೇಗದಲ್ಲಿ ಆಲ್ಫಾ ಸೆಂಟಾರಿಯನ್ನು ತಲುಪಲು 75,000 ವರ್ಷಗಳಿಗೂ ಹೆಚ್ಚು ಬೇಕು. ಬೆಳಕನ್ನು ಹಿಂದಿಕ್ಕಬೇಕೆಂಬ ಮನುಷ್ಯನ ಕನಸಿಗೆ ಇದೇ ಕಾರಣ.

ದಾಟಲಾಗದ ಗೆರೆ

ಈ ಕನಸಿಗೆ ಅಡ್ಡಲಾಗಿ ನಿಂತದ್ದು 1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತ. ನೋಡುವವನು ನಿಂತಿರಲಿ, ಧಾವಿಸುತ್ತಿರಲಿ, ಶೂನ್ಯದಲ್ಲಿ ಬೆಳಕಿನ ವೇಗ ಅವನಿಗೆ ಒಂದೇ ಆಗಿ ಕಾಣುತ್ತದೆ ಎಂಬುದು ಅದರ ತಳಹದಿ. ಇದರಿಂದ ಹೊಮ್ಮುವ ಪರಿಣಾಮವೆಂದರೆ, ವಸ್ತುವೊಂದು ಬೆಳಕಿನ ವೇಗವನ್ನು ಸಮೀಪಿಸಿದಷ್ಟೂ ಅದನ್ನು ಇನ್ನಷ್ಟು ತಳ್ಳಲು ಬೇಕಾದ ಶಕ್ತಿ ಬೆಳೆಯುತ್ತ ಹೋಗುತ್ತದೆ. ಗೆರೆಯನ್ನು ಮುಟ್ಟಲು ಅನಂತ ಶಕ್ತಿ ಬೇಕು. ಇದು ಬರಿಯ ಕಾಗದದ ಲೆಕ್ಕವಲ್ಲ. ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದ ಬೃಹತ್ ಯಂತ್ರವು ಪ್ರೋಟಾನು ಕಣಗಳನ್ನು ನೂಕಿ ನೂಕಿ ಬೆಳಕಿನ ವೇಗಕ್ಕಿಂತ ಸೆಕೆಂಡಿಗೆ ಕೇವಲ ಮೂರು ಮೀಟರಿನಷ್ಟು ಕಡಿಮೆ ವೇಗಕ್ಕೆ ತಂದು ನಿಲ್ಲಿಸುತ್ತದೆ. ಆ ಮೂರು ಮೀಟರಿನ ಅಂತರವನ್ನು ಅಳಿಸಿಹಾಕಲು ಜಗತ್ತಿನ ಯಾವ ಯಂತ್ರಕ್ಕೂ ಸಾಧ್ಯವಾಗಿಲ್ಲ.

ಆದರೆ ಗೆರೆಯ ಆಚೆಗೇ ಹುಟ್ಟಿದ ಕಣಗಳಿದ್ದರೆ? ಈ ದಿಟ್ಟ ಪ್ರಶ್ನೆಯನ್ನು ಕೇಳಿದವರಲ್ಲಿ ಮುಖ್ಯರು ಭಾರತೀಯರೇ ಆದ ಇ. ಸಿ. ಜಿ. ಸುದರ್ಶನ್. 1931ರಲ್ಲಿ ಕೇರಳದ ಕೊಟ್ಟಾಯಂ ಬಳಿಯ ಸಿರಿಯನ್ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದವರು. ಮುಂದೆ ಅವರು ವೇದಾಂತದತ್ತ ಒಲಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದ ಹಿರಿಮೆಯೂ ಅವರದು. 1962ರಲ್ಲಿ ಬಿಲಾನಿಯುಕ್ ಮತ್ತು ದೇಶಪಾಂಡೆ ಅವರೊಡನೆ ಬರೆದ ಲೇಖನದಲ್ಲಿ ಬೆಳಕಿಗಿಂತ ಸದಾ ವೇಗವಾಗಿಯೇ ಚಲಿಸುವ ಕಣಗಳ ಸಾಧ್ಯತೆಯನ್ನು ಅವರು ಪರಿಶೀಲಿಸಿದರು. ಅವರು ಕೊಡುತ್ತಿದ್ದ ಹೋಲಿಕೆ ಸೊಗಸಾಗಿದೆ: ಹಿಮಾಲಯವನ್ನು ಯಾರೂ ಹತ್ತಿ ದಾಟಲಾರರು, ಆದ್ದರಿಂದ ಅದರ ಉತ್ತರಕ್ಕೆ ಜನರೇ ಇಲ್ಲ ಎಂದು ಒಬ್ಬನು ವಾದಿಸಿದರೆ ಅದು ಸರಿಯೇ? ಅಲ್ಲಿಯ ಜನ ಪರ್ವತವನ್ನು ದಾಟಿ ಹೋದವರಲ್ಲ, ಅಲ್ಲಿಯೇ ಹುಟ್ಟಿ ಬೆಳೆದವರು. 1967ರಲ್ಲಿ ಜೆರಾಲ್ಡ್ ಫೈನ್‌ಬರ್ಗ್ ಎಂಬ ವಿಜ್ಞಾನಿ ಇಂತಹ ಕಣಗಳಿಗೆ 'ಟ್ಯಾಕಿಯಾನ್' ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಆ ಮೂಲಪದಕ್ಕೆ ವೇಗ ಎಂಬ ಅರ್ಥವಿದೆ. ಹುಡುಕಾಟ ನಡೆದರೂ ಇಂದಿನವರೆಗೆ ಒಂದೇ ಒಂದು ಟ್ಯಾಕಿಯಾನ್ ಕೈಗೆ ಸಿಕ್ಕಿಲ್ಲ.

ಹಿಗ್ಗುವ ಆಕಾಶ, ಬಾಗುವ ಆಕಾಶ

ಬೆಲ್ಜಿಯಂ ದೇಶದ ಕಥೋಲಿಕ ಗುರು ಜಾರ್ಜ್ ಲೆಮೈತ್ರ್ 1927ರಲ್ಲಿ ಇನ್ನೊಂದು ಬಾಗಿಲನ್ನು ತೆರೆದರು. ವಿಶ್ವವೇ ಹಿಗ್ಗುತ್ತಿದೆ ಎಂದು ಅವರು ತೋರಿಸಿಕೊಟ್ಟರು. ಉಬ್ಬುವ ಹಿಟ್ಟಿನೊಳಗಿನ ದ್ರಾಕ್ಷಿಗಳಂತೆ ಗೆಲಾಕ್ಸಿಗಳು ಒಂದರಿಂದೊಂದು ದೂರವಾಗುತ್ತವೆ. ಬಹುದೂರದ ಗೆಲಾಕ್ಸಿಗಳು ನಮ್ಮಿಂದ ದೂರವಾಗುವ ದರ ಬೆಳಕಿನ ವೇಗವನ್ನೂ ಮೀರಬಲ್ಲದು. ಇಲ್ಲಿ ನಿಯಮಭಂಗವಿಲ್ಲ. ಯಾವ ಗೆಲಾಕ್ಸಿಯೂ ತನ್ನ ಪಕ್ಕದಲ್ಲಿ ಹಾದುಹೋಗುವ ಬೆಳಕನ್ನು ಓಟದಲ್ಲಿ ಸೋಲಿಸುತ್ತಿಲ್ಲ. ನಡುವಣ ಆಕಾಶವೇ ವಿಸ್ತಾರಗೊಳ್ಳುತ್ತಿದೆ.

ಇದೇ ಜಾಡಿನಲ್ಲಿ 1994ರಲ್ಲಿ ಮೆಕ್ಸಿಕೋದ ಮಿಗೆಲ್ ಅಲ್ಕುಬಿಯೆರೆ ಒಂದು ಲೆಕ್ಕವನ್ನು ಮಂಡಿಸಿದರು. ನೌಕೆಯ ಮುಂದಿನ ಆಕಾಶವನ್ನು ಕುಗ್ಗಿಸಿ ಹಿಂದಿನದನ್ನು ಹಿಗ್ಗಿಸಿದರೆ, ನೌಕೆ ತನ್ನ ಗುಳ್ಳೆಯೊಳಗೆ ನಿಶ್ಚಲವಾಗಿದ್ದೂ ಬೆಳಕಿಗಿಂತ ಮೊದಲು ಗುರಿ ಸೇರಬಹುದು. ಗಣಿತದಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಋಣ ಶಕ್ತಿ ಎಂಬ ವಿಚಿತ್ರ ವಸ್ತು ಬೇಕು. ಆ ಶಕ್ತಿ ಕಾಣುವ ವಿಶ್ವದ ಒಟ್ಟು ದ್ರವ್ಯರಾಶಿಯನ್ನೂ ಮೀರಬೇಕಾದೀತೆಂದು 1997ರ ಒಂದು ಲೆಕ್ಕ ತೋರಿಸಿತು. ಆ ಮೊತ್ತವನ್ನು ತಗ್ಗಿಸುವ ಉಪಾಯಗಳು ಆಮೇಲೆ ಬಂದಿವೆ. ಅಂತಹ ನೌಕೆಯನ್ನು ಕಟ್ಟುವ ದಾರಿ ಮಾತ್ರ ಯಾರಿಗೂ ಕಂಡಿಲ್ಲ.

ಸುಳ್ಳಾದ ಅರವತ್ತು ಕ್ಷಣಾಂಶಗಳು

2011ರ ಸೆಪ್ಟೆಂಬರಿನಲ್ಲಿ ಜಗತ್ತು ಒಮ್ಮೆ ಬೆಚ್ಚಿಬಿದ್ದಿತು. ಸರ್ನ್‌ನಿಂದ ಹೊರಟ ನ್ಯೂಟ್ರಿನೋ ಕಣಗಳು ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯವನ್ನು ಬೆಳಕಿಗಿಂತ 60 ನ್ಯಾನೋಸೆಕೆಂಡು ಮೊದಲೇ ತಲುಪಿದಂತೆ ಕಾಣುತ್ತಿದೆ ಎಂದು 'ಒಪೆರಾ' ಎಂಬ ಪ್ರಯೋಗದ ವಿಜ್ಞಾನಿಗಳು ಪ್ರಕಟಿಸಿದರು. ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ. ಐನ್‌ಸ್ಟೈನ್ ಸೋತನೆಂದು ಪತ್ರಿಕೆಗಳು ಬರೆದವು. ಆದರೆ ಆ ವಿಜ್ಞಾನಿಗಳು ಜಯಘೋಷ ಮಾಡಲಿಲ್ಲ. ನಮ್ಮ ಲೆಕ್ಕದಲ್ಲಿ ಎಲ್ಲಿ ತಪ್ಪಿದೆಯೋ ಪರೀಕ್ಷಿಸಿ ಎಂದು ಬೇರೆಯವರನ್ನು ಕರೆದರು, ತಾವೂ ಹುಡುಕಿದರು. ಕೆಲವು ತಿಂಗಳುಗಳಲ್ಲಿ ತಪ್ಪು ಬಯಲಾಯಿತು. ಗಡಿಯಾರದ ವ್ಯವಸ್ಥೆಗೆ ಸಂಕೇತ ಒಯ್ಯುವ ಒಂದು ತಂತಿಯ ಜೋಡಣೆ ಸರಿಯಾಗಿ ಕುಳಿತಿರಲಿಲ್ಲ. 2012ರಲ್ಲಿ ಅದನ್ನು ಅವರೇ ಜಗತ್ತಿಗೆ ತಿಳಿಸಿದರು. ನಮ್ಮ ಸಂಘ ಸಂಸ್ಥೆಗಳಲ್ಲಿ, ಕುಟುಂಬಗಳಲ್ಲಿ ಲೆಕ್ಕ ತಪ್ಪಿದಾಗ ಅದನ್ನು ಹುಡುಕಿ ಹೇಳುವ ಧೈರ್ಯ ನಮಗೆಷ್ಟಿದೆ ಎಂದು ಕೇಳಿಕೊಳ್ಳುವುದು ಒಳಿತು.

2017ರಲ್ಲಿ ಮತ್ತೊಂದು ಸಾಕ್ಷ್ಯ ಬಂದಿತು. ಎರಡು ನ್ಯೂಟ್ರಾನು ನಕ್ಷತ್ರಗಳ ಡಿಕ್ಕಿಯಿಂದೆದ್ದ ಗುರುತ್ವದ ಅಲೆಯೂ ಗಾಮಾ ಕಿರಣವೂ ಸುಮಾರು ಹದಿಮೂರು ಕೋಟಿ ವರ್ಷ ಜೊತೆಜೊತೆಯಾಗಿ ಪಯಣಿಸಿ, ಎರಡು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಭೂಮಿಯನ್ನು ತಲುಪಿದವು. ಗುರುತ್ವದ ಅಲೆಯೂ ಆ ಗೆರೆಯನ್ನು ಮೀರಲಿಲ್ಲ.

ನಿನ್ನೆಯ ಬಾಗಿಲು

ಇಷ್ಟಕ್ಕೂ ಆ ಗೆರೆ ಏಕಿರಬೇಕು? ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಬೆಳಕಿಗಿಂತ ವೇಗವಾಗಿ ಸುದ್ದಿ ಕಳುಹಿಸುವುದು ಸಾಧ್ಯವಾದರೆ, ವೇಗವಾಗಿ ಚಲಿಸುತ್ತಿರುವ ಕೆಲವು ವೀಕ್ಷಕರಿಗೆ ಆ ಸುದ್ದಿ ಹೊರಡುವ ಮೊದಲೇ ತಲುಪಿದಂತೆ ಕಾಣುತ್ತದೆ. ಅಂಥವರಲ್ಲೊಬ್ಬನು ಅಷ್ಟೇ ವೇಗದಲ್ಲಿ ಮಾರುತ್ತರ ಕಳುಹಿಸಿದರೆ, ನೀವು ಪತ್ರ ಬರೆಯುವ ಮುನ್ನವೇ ಅದರ ಉತ್ತರ ನಿಮ್ಮ ಕೈಸೇರಬಹುದು. ಕಾರಣಕ್ಕಿಂತ ಮೊದಲು ಕಾರ್ಯ! ನಿನ್ನೆಯ ಬಾಗಿಲು ತೆರೆದಂತಾಗಿ, ನಡೆದುದನ್ನು ನಡೆಯದಂತೆ ಮಾಡುವ ಗೊಂದಲ ಹುಟ್ಟುತ್ತದೆ. ಬೆಳಕಿನ ವೇಗದ ಮಿತಿ ಈ ಕಾರ್ಯಕಾರಣಗಳ ಕ್ರಮವನ್ನು ಕಾಯುತ್ತದೆ.

ಹಾಗಾದರೆ ಮಗನಿಗೆ ಏನು ಹೇಳೋಣ? ನಮಗೆ ತಿಳಿದಿರುವ ಮಟ್ಟಿಗೆ ಸಾಧ್ಯವಿಲ್ಲ ಎನ್ನೋಣ. ಜೊತೆಗೆ, ಹುಡುಕುವುದು ತಪ್ಪಲ್ಲ ಎಂದೂ ಹೇಳೋಣ.

ಇಲ್ಲಿ ಒಂದು ಎಚ್ಚರಿಕೆ ಬೇಕು. 1951ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ವಿಶ್ವದ ಆರಂಭದ ಕುರಿತ ವಿಜ್ಞಾನವನ್ನು ಸೃಷ್ಟಿಯ ವಿಶ್ವಾಸಕ್ಕೆ ಸಾಕ್ಷಿಯೆಂಬಂತೆ ಮಾತನಾಡಿದಾಗ, ಆ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಗುರು ಲೆಮೈತ್ರ್‌ರವರಿಗೇ ಅದು ಹಿಡಿಸಲಿಲ್ಲ. ವಿಜ್ಞಾನದ ಊಹೆ ನಾಳೆ ಬದಲಾಗಬಹುದು, ಅದರ ಮೇಲೆ ವಿಶ್ವಾಸದ ಮನೆ ಕಟ್ಟಬಾರದು ಎಂಬ ವಿವೇಕ ಅವರದು. ಆದ್ದರಿಂದ ಬೆಳಕಿನ ಮಿತಿಯಿಂದ ದೇವರ ಇರವನ್ನು ಸಾಧಿಸಲು ನಾವು ಹೊರಡುವುದು ಬೇಡ. ಆದರೂ ವಿಶ್ವಾಸಿಯಾದವನು ಈ ಸೃಷ್ಟಿಯನ್ನು ನೋಡಿ ತನ್ನ ಬಾಳನ್ನು ಕುರಿತು ಧ್ಯಾನಿಸಬಹುದು.

ಬೆಳಕನ್ನು ಹಿಂದಿಕ್ಕುವ ಆಸೆಯ ಆಳದಲ್ಲಿ ದೂರವನ್ನು ಗೆಲ್ಲುವ ಬಯಕೆಯಷ್ಟೇ ಅಲ್ಲ, ಕಳೆದುಹೋದ ಕಾಲವನ್ನು ಮರಳಿ ಪಡೆಯುವ ಹಂಬಲವೂ ಇದೆ. ತಾಯಿಯ ಕೊನೆಯ ದಿನಗಳಲ್ಲಿ ಬಳಿಯಲ್ಲಿರಲಾಗದ ಮಗ, ಕೋಪದಲ್ಲಿ ಆಡಿದ ಮಾತನ್ನು ಹಿಂತೆಗೆದುಕೊಳ್ಳಲಾರದ ತಂದೆ, ಆಸ್ತಿಯ ಕಾರಣಕ್ಕೆ ಮಾತುಬಿಟ್ಟ ಅಣ್ಣತಮ್ಮಂದಿರು, ಇವರೆಲ್ಲರೂ ಒಮ್ಮೆ ಹಿಂದಕ್ಕೆ ಹೋಗಿಬರಲು ಬಯಸುತ್ತಾರೆ. ಆ ದಾರಿ ನಮಗಿಲ್ಲ. ಆಡಿದ ಮಾತು ಆಡಿದ್ದೇ, ಮಾಡಿದ ಕೆಲಸ ಮಾಡಿದ್ದೇ. ಅದಕ್ಕೇ ನಮ್ಮ ಮಾತಿಗೂ ಕೃತಿಗೂ ತೂಕವಿದೆ.

ದುಂದುಗಾರ ಮಗನ ಸಾಮತಿಯನ್ನು ನೆನೆಯಿರಿ. ಆ ತಂದೆ ಮಗನು ಮನೆಬಿಟ್ಟ ದಿನವನ್ನು ಅಳಿಸಿಹಾಕಲಿಲ್ಲ. ಪೋಲಾದ ಆಸ್ತಿಯೂ ಮರಳಿ ಬರಲಿಲ್ಲ. ಅವನು ಮಾಡಿದ್ದು ಒಂದೇ: ಮಗನು ಇನ್ನೂ ದೂರದಲ್ಲಿರುವಾಗಲೇ ಓಡಿಹೋಗಿ ಅಪ್ಪಿಕೊಂಡದ್ದು. ಕ್ಷಮೆ ನಿನ್ನೆಯನ್ನು ಬದಲಿಸುವುದಿಲ್ಲ, ನಾಳೆಯನ್ನು ಬಿಡುಗಡೆ ಮಾಡುತ್ತದೆ. ಪಾಪನಿವೇದನೆಯ ಸಂಸ್ಕಾರದಲ್ಲಿ ನಾವು ಪಡೆಯುವುದೂ ಇದನ್ನೇ.

ಆಲ್ಫಾ ಸೆಂಟಾರಿಯನ್ನು ನಮ್ಮಲ್ಲಿ ಯಾರೂ ಮುಟ್ಟಲಾರೆವು. ಆದರೆ ಮಾತುಬಿಟ್ಟ ತಮ್ಮನ ಮನೆ ಅಷ್ಟು ದೂರವೇನಿಲ್ಲ. ಅಲ್ಲಿಗೆ ಹೋಗಲು ಬೆಳಕಿನ ವೇಗವೂ ಬೇಡ. ಈ ಭಾನುವಾರ ಬಲಿಪೂಜೆಯಾದ ಮೇಲೆ ನಡೆದೇ ಹೋಗಬಹುದು.