ಕೂಡು ಚರ್ಚು

ಕೂಡು ಚರ್ಚು ಎಂದರೆ ಬೇರೆ ಬೇರೆ ಪಂಗಡದ ಕ್ರೈಸ್ತ ಸಭೆಗಳು ತಂತಮ್ಮ ಪಂಗಡ ಬಿಡದೆ, ಸರದಿಯ ಮೇಲೆ ಇಲ್ಲವೆ ಪಾಲು ಮಾಡಿಕೊಂಡು ಬಳಸುವ ಒಂದೇ ಆರಾಧನಾಲಯ. ಯುರೋಪಿನ ಕಾನೂನಿನಲ್ಲಿ ಇದಕ್ಕೆ ಸಿಮುಲ್ಟೇನಿಯಂ ಎಂಬ ಲ್ಯಾಟಿನ್ ಹೆಸರಿದೆ. ಜರ್ಮನಿ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಅಲ್ಸಾಸ್ ಸೀಮೆಯ ಹಳ್ಳಿಗಳಲ್ಲಿ ಇಂಥ ಚರ್ಚುಗಳು ಹೆಚ್ಚು. ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಬೆಳೆದದ್ದು ಇದರ ನೆರೆಯ ಪದ್ಧತಿ: ಅಲ್ಲಿ ಕಟ್ಟಡ ಹಂಚಿಕೆಯಾಗಲಿಲ್ಲ, ಪಂಗಡಗಳೇ ಬೆರೆತವು.

ಹುಟ್ಟು

16ನೆಯ ಶತಮಾನದ ಮತಸುಧಾರಣೆಯಿಂದ ಒಂದೇ ಊರಿನ ಜನ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎಂದು ಎರಡು ಪಾಲಾದರು. ಊರಿಗಿದ್ದದ್ದು ಒಂದೇ ಚರ್ಚು, ಒಂದೇ ಗಂಟೆ, ಒಂದೇ ಸ್ಮಶಾನ. ಇನ್ನೊಂದು ಚರ್ಚು ಕಟ್ಟುವಷ್ಟು ದುಡ್ಡು ಹಳ್ಳಿಯವರ ಕೈಯಲ್ಲಿರಲಿಲ್ಲ. ಒಲೆ ಬೇರೆಯಾದರೂ ಅಂಗಳ ಬಿಡದ ಅಣ್ಣತಮ್ಮಂದಿರಂತೆ ಎರಡೂ ಕಡೆಯವರು ಒಂದೇ ಸೂರಿನಡಿ ಉಳಿದರು. ಇದನ್ನು ಸೌಹಾರ್ದದ ಕತೆಯಾಗಿ ಹೇಳುವವರಿದ್ದಾರೆ. ಆದರೆ ದಾಖಲೆಗಳಲ್ಲಿ ಕಾಣುವುದು ಯುದ್ಧ, ರಾಜಾಜ್ಞೆ ಮತ್ತು ಕರಾರು. ಸ್ವಿಟ್ಜರ್ಲೆಂಡಿನಲ್ಲಿ 1531ರ ಕಪ್ಪೆಲ್ ಕದನದ ಬಳಿಕದ ಶಾಂತಿ ಒಪ್ಪಂದ ಇದಕ್ಕೆ ದಾರಿ ಮಾಡಿತು. ಜರ್ಮನಿಯಲ್ಲಿ 1648ರ ವೆಸ್ಟ್‌ಫಾಲಿಯಾ ಒಪ್ಪಂದ 1624ನ್ನು ಆಧಾರ ವರ್ಷವೆಂದು ಹಿಡಿದು, ಆಗ ಯಾರ ವಶದಲ್ಲಿ ಏನಿತ್ತೋ ಅದನ್ನೇ ಕಾಯಂ ಮಾಡಿತು.

ಹೈಡಲ್‌ಬರ್ಗಿನ ಪವಿತ್ರಾತ್ಮ ಚರ್ಚಿನಲ್ಲಿ 1706ರಲ್ಲಿ ನಡುವೆ ಗೋಡೆಯನ್ನೇ ಎಬ್ಬಿಸಿದರು. ಒಂದು ಬದಿ ಕ್ಯಾಥೊಲಿಕರಿಗೆ, ಇನ್ನೊಂದು ಬದಿ ಪ್ರಾಟೆಸ್ಟೆಂಟರ ರಿಫಾರ್ಮ್ಡ್ ಪಂಗಡದವರಿಗೆ. ಆ ಗೋಡೆ ಕೊನೆಗೆ ಬಿದ್ದದ್ದು 1936ರಲ್ಲಿ. ಇದಕ್ಕೆ ತೀರ ವಿರುದ್ಧವಾದ ಉದಾಹರಣೆ ಉತ್ತರ ಜರ್ಮನಿಯ ಗೋಲ್ಡನ್‌ಸ್ಟೆಟ್ ಎಂಬ ಹಳ್ಳಿಯದು. ಅಲ್ಲಿ 1650ರಿಂದ 1850ರವರೆಗೆ ಎರಡೂ ಕಡೆಯವರು ಒಂದೇ ಹೊತ್ತಿಗೆ ಕೂಡುತ್ತಿದ್ದರು. ಕ್ಯಾಥೊಲಿಕ್ ಪಾದ್ರಿ ಬಲಿಪೂಜೆ ಅರ್ಪಿಸುತ್ತಿದ್ದರೆ ಪ್ರಾಟೆಸ್ಟೆಂಟರ ಇನ್ನೊಂದು ಪಂಗಡವಾದ ಲೂಥರನ್ನರು ತಮ್ಮ ಕೀರ್ತನೆಗಳನ್ನು ಹಾಡುತ್ತಿದ್ದರು.

ಹುನಾವಿರ್

ಹಳ್ಳಿಯ ಕೂಡು ಚರ್ಚಿಗೆ ಒಳ್ಳೆಯ ಮಾದರಿ ಅಲ್ಸಾಸಿನ ಹುನಾವಿರ್. ನೂರಾರು ಜನರಷ್ಟೇ ಇರುವ ಊರು. ದ್ರಾಕ್ಷಿ ತೋಟಗಳ ನಡುವಿನ ದಿಬ್ಬದ ಮೇಲೆ ಸಂತ ಯಾಕೋಬನ ಚರ್ಚು. ಅದರ ಸ್ಮಶಾನಕ್ಕೆ ಆರು ಮೂಲೆಯ ಕೋಟೆಗೋಡೆ. ಸುಧಾರಣೆಯ ಕಾಲಕ್ಕೆ ಊರು ಪ್ರಾಟೆಸ್ಟೆಂಟ್ ಆಯಿತು. 14ನೆಯ ಲೂಯಿ ಅಲ್ಸಾಸನ್ನು ವಶಪಡಿಸಿಕೊಂಡ ಮೇಲೆ, ಪ್ರಾಟೆಸ್ಟೆಂಟ್ ಊರಿನಲ್ಲಿ ಏಳು ಕ್ಯಾಥೊಲಿಕ್ ಕುಟುಂಬಗಳಿದ್ದರೆ ಸಾಕು, ಚರ್ಚಿನ ಗರ್ಭಗೃಹದ ಭಾಗವನ್ನು ಅವರಿಗೆ ಬಿಟ್ಟುಕೊಡಬೇಕೆಂಬ ಕಟ್ಟಳೆ ಬಂತು. ಜನ ಕೂರುವ ಹಜಾರ ಪ್ರಾಟೆಸ್ಟೆಂಟರಿಗೆ ಉಳಿಯಿತು. ಹುನಾವಿರ್‌ನಲ್ಲಿ ಈ ಪಾಲು ಆದದ್ದು 1687ರಲ್ಲಿ. ರಾಜನೂ ಹೋದ, ರಾಜ್ಯವೂ ಹೋಯಿತು. ಆದರೆ ಎರಡೂ ಸಭೆಗಳು ಇವತ್ತಿಗೂ ಅದೇ ಚರ್ಚನ್ನು ಬಳಸುತ್ತವೆ.

ಇಂಥ ಚರ್ಚುಗಳಲ್ಲಿ ದೇವತಾಶಾಸ್ತ್ರಕ್ಕಿಂತ ಹೆಚ್ಚಾಗಿ ಜಗಳ ಹಚ್ಚಿದ್ದು ಬೀಗದ ಕೈ, ಗಂಟೆ ಹೊಡೆಯುವ ಹೊತ್ತು, ಮಾಡು ಸೋರಿದರೆ ರಿಪೇರಿಯ ಖರ್ಚು. ಕರಾರುಗಳಲ್ಲಿ ಇವಕ್ಕೇ ಜಾಗ ಹೆಚ್ಚು. ಜರ್ಮನ್ ವಲಸಿಗರು ಈ ಪದ್ಧತಿಯನ್ನು 18ನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಕ್ಕೂ ಒಯ್ದರು. ಅಲ್ಲಿ ಒಂದು ಭಾನುವಾರ ಲೂಥರನ್ನರದು, ಮುಂದಿನದು ರಿಫಾರ್ಮ್ಡರದು. ಸ್ಮಶಾನ ಮಾತ್ರ ಇಬ್ಬರಿಗೂ ಒಂದೇ.

ಹುಬ್ಬಳ್ಳಿ-ಧಾರವಾಡ ಸೀಮೆ

ಪೆನ್ಸಿಲ್ವೇನಿಯದಲ್ಲಿ ಭಾನುವಾರಗಳನ್ನು ಹಂಚಿಕೊಂಡ ಆ ಎರಡು ಪಂಗಡಗಳೇ ಕನ್ನಡ ನಾಡಿಗೆ ಬೆರೆತು ಬಂದವು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನಲ್ಲಿ ವೂರ್ಟೆಂಬರ್ಗಿನ ಲೂಥರನ್ನರೂ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡರೂ ಒಟ್ಟಿಗಿದ್ದರು. ಲೂಥರನ್ನರಿಗೆ ವೇದಿ, ಶಿಲುಬೆ ಬೇಕು. ರಿಫಾರ್ಮ್ಡರಿಗೆ ಬರಿಯ ಮೇಜು, ಚಿತ್ರವಿಲ್ಲದ ಗೋಡೆ ಸಾಕು. ಮಿಷನ್ ಇದರಲ್ಲಿ ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಅಲ್ಲಿ ಕಲಿತ ಅನೇಕರು ಆಂಗ್ಲಿಕನ್ನರ ಮಿಷನ್ ಸಂಘಕ್ಕೂ ಹೋಗಿ ದುಡಿದರು.

ಈ ಮಿಷನ್ನಿನ ಸ್ಯಾಮ್ಯುಯೆಲ್ ಹೆಬಿಕ್ ಮತ್ತು ಇಬ್ಬರು ಸಂಗಡಿಗರು 1834ರಲ್ಲಿ ಮಂಗಳೂರಿಗೆ ಬಂದರು. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಗದಗದ ಜೋಡಿ ಊರು ಬೆಟಗೇರಿಯಲ್ಲಿ 1841ರಲ್ಲಿ ಮಿಷನ್ ಕೇಂದ್ರಗಳು ತೆರೆದವು. ಇಲ್ಲಿ ದೀಕ್ಷಾಸ್ನಾನ ಪಡೆದವರಿಗೆ ತಮ್ಮ ಪಾದ್ರಿ ಲೂಥರನ್ನೋ ರಿಫಾರ್ಮ್ಡೋ ಎಂಬುದು ಮುಖ್ಯವಾಗಲಿಲ್ಲ. ಅವರ ಮಟ್ಟಿಗೆ ಅದು ಬಾಸೆಲ್ ಮಿಷನ್ ಸಭೆ, ಅಷ್ಟೇ. ಕನ್ನಡ ನಿಘಂಟಿನ ಫರ್ಡಿನಂಡ್ ಕಿಟೆಲ್ ಕೂಡ ಈ ಮಿಷನ್ನಿನವರೇ.

1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲ್ವೆ ಕಾರ್ಯಾಗಾರ ಬಂದ ಮೇಲೆ ಊರಿನ ಕ್ರೈಸ್ತರ ಚಹರೆ ಬದಲಾಯಿತು. ಆಂಗ್ಲೋ ಇಂಡಿಯನ್ನರು, ಗೋವಾದವರು, ತಮಿಳರು, ತೆಲುಗರು ತಂತಮ್ಮ ಪಂಗಡ, ಭಾಷೆ ಸಮೇತ ಬಂದು ನೆಲೆಸಿದರು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ಬಿಷಪ್ಪರಿರುವ ಸಭೆ, ಇಲ್ಲದ ಸಭೆ ಎರಡೂ ಹೀಗೆ ಕೂಡಿದ್ದು ಜಗತ್ತಿನಲ್ಲೇ ಹೊಸತು. ಮಾತುಕತೆ ಶುರುವಾದದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. ಒಲ್ಲದ ಆರಾಧನಾ ಕ್ರಮವನ್ನಾಗಲಿ ಪಾದ್ರಿಯನ್ನಾಗಲಿ ಯಾವ ಸಭೆಯ ಮೇಲೂ ಹೇರುವುದಿಲ್ಲವೆಂಬ ವಚನ ಆ ಒಕ್ಕೂಟದ ಬುನಾದಿ. ಹುಬ್ಬಳ್ಳಿ-ಧಾರವಾಡ ಸೇರಿದ ಆಗಿನ ಮುಂಬೈ ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳು ಮಾತ್ರ ಅವಸರ ಮಾಡಲಿಲ್ಲ. ಅವು ಸೇರಿದ್ದು 1960ರ ದಶಕದ ಕೊನೆಗೆ. 1970ರಲ್ಲಿ ಸಿ.ಎಸ್.ಐ.ನ ಮೈಸೂರು ಧರ್ಮಪ್ರಾಂತ ಮೂರಾಗಿ ಒಡೆದು, ಧಾರವಾಡವನ್ನು ಕೇಂದ್ರವಾಗಿಸಿಕೊಂಡು ಉತ್ತರ ಕರ್ನಾಟಕ ಧರ್ಮಪ್ರಾಂತ ಹುಟ್ಟಿತು. ಕ್ಯಾಥೊಲಿಕರು ಈ ಒಕ್ಕೂಟದಲ್ಲಿಲ್ಲ. ಹುಬ್ಬಳ್ಳಿಯ ಕ್ಯಾಥೊಲಿಕ್ ಚರ್ಚುಗಳು 1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿವೆ.

ನಿಜವಾದ ಅರ್ಥದ ಕೂಡು ಚರ್ಚು ನೆರೆಯ ಕೇರಳದಲ್ಲಿ ಇತ್ತು. ಮಲಂಕರ ಸಭೆಯ ಆರ್ಥೊಡಾಕ್ಸ್ ಮತ್ತು ಜಾಕೊಬೈಟ್ ಬಣಗಳು ಕೆಲವು ಚರ್ಚುಗಳಲ್ಲಿ ಸರದಿಯ ಮೇಲೆ ಆರಾಧನೆ ನಡೆಸುತ್ತಿದ್ದವು. ಅವುಗಳ ಆಡಳಿತ ಸಭೆಯ 1934ರ ಸಂವಿಧಾನದಂತೆಯೇ ನಡೆಯಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತ ಮೇಲೆ ಆ ಸರದಿಯ ಏರ್ಪಾಟಿಗೆ ಕುತ್ತು ಬಂತು.

ಉತ್ತರ ಕರ್ನಾಟಕದ ಸಿ.ಎಸ್.ಐ. ಚರ್ಚುಗಳನ್ನು ಕೂಡು ಚರ್ಚು ಎಂದು ಕರೆಯುವುದು ಸರಿಯಲ್ಲ. ಭಾಷೆಗೊಂದು ಹೊತ್ತಿನಂತೆ ಒಂದೇ ಕಟ್ಟಡದಲ್ಲಿ ಎರಡು ಮೂರು ಆರಾಧನೆ ನಡೆದರೂ ಅಲ್ಲಿ ಸೇರುವವರು ಒಂದೇ ಸಭೆಯ ಸದಸ್ಯರು.